ಐದು ಲೀಟರ್ ರಕ್ತಕ್ಕೆ ಒಂದು ಚಮಚ

ವಯಸ್ಕರೊಬ್ಬರ ಮೈಯಲ್ಲಿ ಹರಿಯುವ ರಕ್ತ ಹೆಚ್ಚುಕಡಿಮೆ ಐದು ಲೀಟರ್. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತೇವೆ. ಸಂಜೆ ಕೈಗೆ ಬಂದ ಚೀಟಿಯಲ್ಲಿ 100 ಎಂದಿದ್ದರೆ, ಒಂದು ಡೆಸಿಲೀಟರಿನಲ್ಲಿ, ಅಂದರೆ ಲೀಟರಿನ ಹತ್ತನೇ ಒಂದು ಪಾಲಿನಲ್ಲಿ, 100 ಮಿಲಿಗ್ರಾಂ ಗ್ಲೂಕೋಸ್ ಇದೆ ಎಂದು ಅರ್ಥ. ಐದು ಲೀಟರಿಗೆ ಗುಣಿಸಿ ನೋಡಿ. ಬರುವುದು ಐದು ಗ್ರಾಂ. ಅಂಗಾಲಿನಿಂದ ನೆತ್ತಿಯವರೆಗೆ ಒಬ್ಬ ಮನುಷ್ಯನ ರಕ್ತದಲ್ಲಿ ಯಾವುದೇ ಗಳಿಗೆಯಲ್ಲಿ ಓಡಾಡುತ್ತಿರುವ ಒಟ್ಟು ಸಕ್ಕರೆ ಇಷ್ಟೇ, ಸುಮಾರು ಒಂದು ಚಹಾ ಚಮಚ.

ಅದೇ ಚೀಟಿಯಲ್ಲಿ 126 ಎಂದು ಬಂದರೆ, ಇನ್ನೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ, ವೈದ್ಯರು ಸಕ್ಕರೆ ಕಾಯಿಲೆ ಎಂದು ಬರೆಯುತ್ತಾರೆ. ಆಗ ಇಡೀ ರಕ್ತದಲ್ಲಿರುವುದು 6.3 ಗ್ರಾಂ. ಆರೋಗ್ಯವಂತನಿಗೂ ಜೀವನಪರ್ಯಂತ ಮಾತ್ರೆ ನುಂಗಬೇಕಾದವನಿಗೂ ನಡುವಿನ ಅಂತರ ಒಂದೂಕಾಲು ಗ್ರಾಂ ಚಿಲ್ಲರೆ. ಈ ಸಣ್ಣ ಲೆಕ್ಕ ತಪ್ಪದಂತೆ ನೋಡಿಕೊಳ್ಳಲು ಮೇದೋಜೀರಕ ಗ್ರಂಥಿ, ಯಕೃತ್ತು, ಸ್ನಾಯುಗಳು ಹಗಲಿರುಳು ದುಡಿಯುತ್ತವೆ. ದೇಹ ಇಷ್ಟು ಜತನದಿಂದ ಕಾಯುವ ಆ ಒಂದು ಚಮಚದ ಮೇಲೆ ನಾವು ದಿನವೂ ಏನನ್ನು ಸುರಿಯುತ್ತೇವೆ ಎಂಬುದು ನನ್ನನ್ನು ಬೆಚ್ಚಿಬೀಳಿಸಿದ ವಿಷಯ.

ಒಂದು ಸಾಮಾನ್ಯ ಕೋಲಾದ 100 ಮಿಲಿಲೀಟರಿನಲ್ಲಿ ಸುಮಾರು ಹತ್ತೂವರೆ ಗ್ರಾಂ ಸಕ್ಕರೆ ಇರುತ್ತದೆ. 300 ಮಿಲಿಯ ಕ್ಯಾನಿನಲ್ಲಿ 32 ಗ್ರಾಂ ಹತ್ತಿರ. ಇಡೀ ರಕ್ತದಲ್ಲಿರುವುದಕ್ಕಿಂತ ಆರು ಪಟ್ಟು ಹೆಚ್ಚು ಸಕ್ಕರೆಯನ್ನು ಐದು ನಿಮಿಷದಲ್ಲಿ ಗಂಟಲಿಗಿಳಿಸಿ ಖಾಲಿ ಕ್ಯಾನು ಎಸೆಯುತ್ತೇವೆ. ಮಧುಮೇಹ ಇದೆಯೋ ಇಲ್ಲವೋ ಎಂದು ಖಚಿತಪಡಿಸಿಕೊಳ್ಳಲು ಲ್ಯಾಬಿನವರು ನೀರಿನಲ್ಲಿ 75 ಗ್ರಾಂ ಗ್ಲೂಕೋಸ್ ಕಲಸಿ ಕುಡಿಸುತ್ತಾರೆ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. ದೇಹವನ್ನು ಒರೆಗೆ ಹಚ್ಚಲು ಬೇಕೆಂದೇ ಕೊಡುವ ಪ್ರಮಾಣ ಅದು. 750 ಮಿಲಿಯ ಒಂದು ಕೋಲಾ ಬಾಟಲಿಯಲ್ಲಿ ಅದಕ್ಕಿಂತ ಹೆಚ್ಚು, 79 ಗ್ರಾಂ, ಸಕ್ಕರೆ ಇದೆ. ಅದರಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಫ್ರಕ್ಟೋಸಿನ ಬಹುಪಾಲು ಯಕೃತ್ತಿನ ಕೊರಳಿಗೆ ಬೀಳುತ್ತದೆ, ಅತಿಯಾದರೆ ಅಲ್ಲಿ ಕೊಬ್ಬಾಗಿ ಕೂರುತ್ತದೆ. ಕುಡಿಯದವರಿಗೂ ‘ಫ್ಯಾಟಿ ಲಿವರ್’ ಬರುವ ಕಾರಣಗಳಲ್ಲಿ ಇದೂ ಒಂದು.

ಕೋಲಾದಲ್ಲಿರುವಷ್ಟು ಸಕ್ಕರೆ ಹಾಕಿದ ನೀರನ್ನು ಬಿಸಿಲಿನಲ್ಲಿ ಇಟ್ಟು ಕುಡಿದು ನೋಡಿ, ಎರಡು ಗುಟುಕಿಗೆ ಸಾಕೆನಿಸುತ್ತದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಜೊತೆಗೆ ಬೆರೆಸಿದ ಆಮ್ಲ ಅದನ್ನು ಇನ್ನಷ್ಟು ಮರೆಮಾಚುತ್ತದೆ. ಮುಂಬಯಿಯ ವಿಕ್ರೋಳಿಯನ್ನು ನೆಲೆ ಮಾಡಿಕೊಂಡ ಗೋದ್ರೇಜ್ ಕಂಪನಿ 1958ರಲ್ಲಿ ಭಾರತದಲ್ಲೇ ತಯಾರಿಸಿದ ಫ್ರಿಜ್ಜನ್ನು ಮೊದಲು ಮಾರುಕಟ್ಟೆಗೆ ತಂದಿತು. ಆಗ ಅದು ಸಿರಿವಂತರ ಮನೆಯ ವಸ್ತು. ಇವತ್ತು ವಿಕ್ರೋಳಿ ಸ್ಟೇಷನ್ನಿನಿಂದ ಕನ್ನಮ್‌ವಾರ್ ನಗರದ ಕಡೆ ನಡೆದರೆ ಪ್ರತಿ ಕಿರಾಣಿ ಅಂಗಡಿ, ಪ್ರತಿ ಪಾನ್ ಅಂಗಡಿಯ ಬಾಯಿಯಲ್ಲೂ ಗಾಜಿನ ಬಾಗಿಲಿನ ಫ್ರಿಜ್ಜು. ಹಾಲು, ಮೊಸರು ಕೆಳಗಿನ ಅರೆಗೆ ಸರಿದು, ಕಣ್ಣಿಗೆ ನೇರ ಬೀಳುವ ಎತ್ತರದಲ್ಲಿ ಬಣ್ಣದ ಬಾಟಲಿಗಳು ನಿಂತಿರುತ್ತವೆ.

ಆದರೆ ಕೋಲಾದಲ್ಲಿ ಸಕ್ಕರೆ ಇದೆ ಎಂಬುದು ಈಗ ಎಲ್ಲರಿಗೂ ಗೊತ್ತು. ನನಗೆ ಹೇಳಬೇಕಾಗಿರುವುದು ಗೊತ್ತಾಗದೆ ಒಳಗೆ ಬರುವ ಸಕ್ಕರೆಯ ಬಗ್ಗೆ. ಮುಂಬಯಿಯ ನಮ್ಮ ಕನ್ನಡಿಗರ ಸಭೆ ಸಮಾರಂಭಗಳಲ್ಲಿ ಚಹಾದ ಟ್ರೇ ಬಂದ ಕೂಡಲೇ ಒಂದು ಮಾತು ಕೇಳಿಬರುತ್ತದೆ: “ನನಗೆ ಶುಗರ್ ಉಂಟು ಮಾರಾಯ್ರೆ, ಸಕ್ಕರೆ ಇಲ್ಲದ್ದು ಕೊಡಿ.” ಸಕ್ಕರೆ ಇಲ್ಲದ ಚಹಾ ಬರುತ್ತದೆ, ಪಕ್ಕದಲ್ಲಿ ನಾಲ್ಕು ಮಾರಿ ಬಿಸ್ಕತ್ತೂ ಬರುತ್ತದೆ. ಮಾರಿ ಬಿಸ್ಕತ್ತು ಸಪ್ಪೆ, ಹಾಗಾಗಿ ಅದು ರೋಗಿಗಳ ತಿಂಡಿ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಆ ಬಿಸ್ಕತ್ತಿನ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಸಕ್ಕರೆ, ಉಳಿದದ್ದರಲ್ಲಿ ಬಹುಪಾಲು ಮೈದಾ. ನಾಲ್ಕು ಬಿಸ್ಕತ್ತು ತಿಂದರೆ ಚಹಾಕ್ಕೆ ಬೇಡವೆಂದ ಒಂದು ಚಮಚ ಸಕ್ಕರೆ ತಟ್ಟೆಯ ಮೂಲಕ ಒಳಗೆ ಹೋಯಿತು. ಬೇಡ ಎಂದವರ ಸಂಯಮ ನಿಜವಾದದ್ದು. ಆ ಸಂಯಮಕ್ಕೆ ಆದ ಮೋಸವೂ ಅಷ್ಟೇ ನಿಜ, ಮತ್ತು ನನ್ನನ್ನು ಕೆರಳಿಸುವುದು ಅದು.

ಒಂದು ಮಗುವಿನ ದಿನವನ್ನು ತೆಗೆದುಕೊಳ್ಳೋಣ. ಟಾಗೋರ್ ನಗರದಲ್ಲೋ ಪಾರ್ಕ್‌ಸೈಟಿನಲ್ಲೋ ಇರುವ, ಹತ್ತು ವರ್ಷದ, ಸಿಹಿತಿಂಡಿಯ ಚಟವಿಲ್ಲದ ಮಗು ಎಂದುಕೊಳ್ಳಿ. ಬೆಳಿಗ್ಗೆ ಎದ್ದಾಗ ಹಾಲಿಗೆ ‘ಶಕ್ತಿಯ ಪುಡಿ’ 20 ಗ್ರಾಂ. ಅದರಲ್ಲಿ ಆರು ಗ್ರಾಂಗೂ ಹೆಚ್ಚು ಸಕ್ಕರೆ. ಮಗು ಹಾಲು ಬೇಡವೆಂದು ಮುಖ ತಿರುಗಿಸಿದರೆ ಅಮ್ಮ ಮೇಲಿನಿಂದ ಹಾಕುವ ಒಂದು ಚಮಚ, ಇನ್ನು ನಾಲ್ಕು ಗ್ರಾಂ. ಹಾಲಿನಲ್ಲಿ ಅದ್ದಲು ಗ್ಲೂಕೋಸ್ ಬಿಸ್ಕತ್ತು ಅರ್ಧ ಪ್ಯಾಕೆಟ್, 28 ಗ್ರಾಂ. ಈ ಬಿಸ್ಕತ್ತಿನಲ್ಲಿ ಕಾಲು ಭಾಗ ಸಕ್ಕರೆ, ಅಂದರೆ ಏಳು ಗ್ರಾಂ. ಶಾಲೆಯ ಡಬ್ಬಾಕ್ಕೆ ಎರಡು ಹೋಳು ಬ್ರೆಡ್ಡು, ನಡುವೆ ಜಾಮ್. ಬ್ರೆಡ್ಡಿನಲ್ಲಿ ಎರಡೂವರೆ ಗ್ರಾಂ ಆಸುಪಾಸು. ಜಾಮ್ ಎಂದು ಕರೆಸಿಕೊಳ್ಳಬೇಕಾದರೆ ಅದರಲ್ಲಿ ಕರಗಿದ ಘನಪದಾರ್ಥ ಕನಿಷ್ಠ ನೂರಕ್ಕೆ 65 ಇರಬೇಕೆಂದು ನಮ್ಮ ಆಹಾರ ನಿಯಮವೇ ಹೇಳುತ್ತದೆ. ಅದರ ಹೆಚ್ಚಿನ ಭಾಗ ಸಕ್ಕರೆಯೇ. 20 ಗ್ರಾಂ ಜಾಮ್ ಬಳಿದರೆ ಸುಮಾರು 13 ಗ್ರಾಂ. ಸಂಜೆ ಟ್ಯೂಷನ್ನಿಗೆ ಹೋಗುವ ಮೊದಲು ನೂಡಲ್ಸ್, ಅದರ ಮೇಲೆ ಒಂದು ದೊಡ್ಡ ಚಮಚ ಟೊಮೆಟೊ ಕೆಚಪ್. ಕೆಚಪ್ಪಿನಲ್ಲಿಯೂ ಕಾಲು ಭಾಗಕ್ಕಿಂತ ಕಡಿಮೆ ಇಲ್ಲದಷ್ಟು ಸಕ್ಕರೆ, ಹಾಗಾಗಿ ನಾಲ್ಕು ಗ್ರಾಂ. ದಾರಿಯಲ್ಲಿ ಬಾಯಾರಿದರೆ 200 ಮಿಲಿಯ ಮಾವಿನ ಹಣ್ಣಿನ ಪೊಟ್ಟಣ, 26 ಗ್ರಾಂ.

ಕೂಡಿಸಿದರೆ 63 ಗ್ರಾಂ. ಒಂದು ಚಮಚಕ್ಕೆ ನಾಲ್ಕು ಗ್ರಾಂ ಎಂದು ಹಿಡಿದರೆ ಹದಿನಾರು ಚಮಚಕ್ಕೆ ಹತ್ತಿರ. ಮಗು ಒಂದು ಪೇಡೆ ತಿಂದಿಲ್ಲ, ಒಂದು ಚಾಕಲೇಟು ಮುಟ್ಟಿಲ್ಲ, ಮನೆಯಲ್ಲಿ ಯಾರ ಹುಟ್ಟುಹಬ್ಬವೂ ಇರಲಿಲ್ಲ. ಸಕ್ಕರೆ ಡಬ್ಬಿಯ ಮುಚ್ಚಳ ಆ ದಿನ ತೆರೆದದ್ದು ಒಂದೇ ಸಲ. ಹದಿನಾರರಲ್ಲಿ ಹದಿನೈದು ಚಮಚ ಅಮ್ಮನ ಕೈಯಿಂದ ಬಿದ್ದದ್ದೇ ಅಲ್ಲ.

ಎಷ್ಟಿರಬೇಕಿತ್ತು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಪ್ರಕಾರ ಹೊರಗಿನಿಂದ ಸೇರಿದ ಸಕ್ಕರೆಯಿಂದ ಬರುವ ಶಕ್ತಿ ದಿನದ ಒಟ್ಟು ಶಕ್ತಿಯ ನೂರಕ್ಕೆ ಹತ್ತನ್ನು ದಾಟಬಾರದು, ಐದರ ಒಳಗಿದ್ದರೆ ಇನ್ನೂ ಒಳ್ಳೆಯದು. 2000 ಕ್ಯಾಲೊರಿ ತಿನ್ನುವ ವಯಸ್ಕರಿಗೆ ಆ ಐದು ಎಂದರೆ 25 ಗ್ರಾಂ, ಆರು ಚಮಚ. ಹತ್ತು ವರ್ಷದ ಮಗುವಿಗೆ ಐದು ಚಮಚ. ನಮ್ಮ ಕಲ್ಪನೆಯ ಮಗುವಿನ ಲೆಕ್ಕ ಉತ್ಪ್ರೇಕ್ಷೆ ಎನಿಸಿದರೆ ನಿಜವಾದ ಅಂಕಿ ಇಲ್ಲಿದೆ: ಸಿಬಿಎಸ್‌ಇ ಮಂಡಳಿ 2025ರ ಮೇ ತಿಂಗಳಲ್ಲಿ ತನ್ನ ಶಾಲೆಗಳಿಗೆ ಕಳಿಸಿದ ಸುತ್ತೋಲೆಯ ಪ್ರಕಾರ, 4ರಿಂದ 10 ವರ್ಷದ ಮಕ್ಕಳಿಗೆ ದಿನದ ಶಕ್ತಿಯ ನೂರಕ್ಕೆ 13 ಭಾಗ, 11ರಿಂದ 18ರವರಿಗೆ ನೂರಕ್ಕೆ 15 ಭಾಗ ಸಕ್ಕರೆಯಿಂದಲೇ ಸಿಗುತ್ತಿದೆ. ಇರಬೇಕಾದದ್ದು ಐದು. ಅದಕ್ಕಾಗಿಯೇ 24,000ಕ್ಕೂ ಹೆಚ್ಚು ಶಾಲೆಗಳಲ್ಲಿ ‘ಶುಗರ್ ಬೋರ್ಡ್’ ಹಾಕಿ, ಯಾವ ತಿಂಡಿಯಲ್ಲಿ ಎಷ್ಟು ಚಮಚ ಎಂದು ಮಕ್ಕಳಿಗೆ ಕಾಣುವಂತೆ ಬರೆಯಬೇಕೆಂದು ಮಂಡಳಿ ಹೇಳಿತು.

ಮಕ್ಕಳಿಗೆ ಶಕ್ತಿ ಬೇಡವೇ ಎಂದು ಅಜ್ಜಿಯಂದಿರು ಕೇಳುತ್ತಾರೆ. ಬೇಕು. ಮೆದುಳೊಂದೇ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸ್ ಉರಿಸುತ್ತದೆ. ಅನ್ನ, ರೊಟ್ಟಿ, ಬೇಳೆ, ಬಾಳೆಹಣ್ಣಿನಿಂದ ದೇಹ ಅದನ್ನು ತಾನೇ ನಿಧಾನವಾಗಿ ತೆಗೆದುಕೊಳ್ಳುತ್ತದೆ. ಅದಕ್ಕಾಗಿ ಹೊರಗಿನಿಂದ ಒಂದು ಹರಳು ಸಕ್ಕರೆಯೂ ಬೇಕಿಲ್ಲ.

ಮನೆಯಿಂದ ಊರಿಗೆ ಬರೋಣ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ ದೇಶದ ಏಳು ಮಹಾನಗರಗಳಲ್ಲಿ ಜನ ದಿನಕ್ಕೆ ಎಷ್ಟು ಸಕ್ಕರೆ ತಿನ್ನುತ್ತಾರೆಂದು ಲೆಕ್ಕ ಹಾಕಿತ್ತು. ಸರಾಸರಿ 19.5 ಗ್ರಾಂ. ಬೆಂಗಳೂರು 19.3. ಎಲ್ಲರಿಗಿಂತ ಮೇಲೆ ಮುಂಬಯಿ, 26.3 ಗ್ರಾಂ. ಚಹಾದ ಊರು, ಪಾವಿನ ಊರು, ಸಾಂಬಾರಿಗೂ ಬೆಲ್ಲ ಬೀಳುವ ಊರು. ಅಚ್ಚರಿಯೇನಿಲ್ಲ ಅನ್ನಿಸಬಹುದು. ಆದರೆ ಈ 26 ಗ್ರಾಮನ್ನು ಒಂದು ಲಕ್ಷ ಜನಕ್ಕೆ ಗುಣಿಸಿದರೆ ದಿನಕ್ಕೆ 50 ಕಿಲೋದ 52 ಮೂಟೆ ಆಗುತ್ತದೆ. 2011ರ ಜನಗಣತಿಯ ಮುಂಬಯಿಗೆ, ಅಂದರೆ 1,24,42,373 ಜನಕ್ಕೆ, 6,500 ಮೂಟೆ. ಒಂದೇ ದಿನಕ್ಕೆ.

ಇಷ್ಟಕ್ಕೇ ಲೆಕ್ಕ ಮುಗಿಯುವುದಿಲ್ಲ. ಸಮೀಕ್ಷೆಯಲ್ಲಿ ಜನ ತಾವು ತಿಂದದ್ದನ್ನು ನೆನಪಿಸಿಕೊಂಡು ಹೇಳುತ್ತಾರೆ. ಇನ್ನೊಂದು ದಾರಿ, ಕಾರ್ಖಾನೆಯಿಂದ ಹೊರಬಿದ್ದು ದೇಶದೊಳಗೇ ಮಾರಾಟವಾದ ಸಕ್ಕರೆಯನ್ನು ಜನಸಂಖ್ಯೆಯಿಂದ ಭಾಗಿಸುವುದು. ಭಾರತ ಈಗ ವರ್ಷಕ್ಕೆ ಸುಮಾರು 285 ಲಕ್ಷ ಟನ್ ಸಕ್ಕರೆ ಬಳಸುತ್ತದೆ. ಜಗತ್ತಿನ ಯಾವ ದೇಶವೂ ಇಷ್ಟು ತಿನ್ನುವುದಿಲ್ಲ. 140 ಕೋಟಿಯಿಂದ ಭಾಗಿಸಿದರೆ ತಲೆಗೆ ವರ್ಷಕ್ಕೆ 20 ಕಿಲೋ ಚಿಲ್ಲರೆ, ದಿನಕ್ಕೆ 56 ಗ್ರಾಂ. ಇದು ಬಿಳಿ ಸಕ್ಕರೆಯ ಲೆಕ್ಕ ಮಾತ್ರ, ಬೆಲ್ಲ ಬೇರೆ. ಸ್ವಲ್ಪ ಪೋಲಾಗುತ್ತದೆ, ಸ್ವಲ್ಪ ಔಷಧಿಗೆ ಹೋಗುತ್ತದೆ, ಎಲ್ಲವೂ ಬಾಯಿಗೆ ಬರುವುದಿಲ್ಲ, ಒಪ್ಪಿಕೊಳ್ಳೋಣ. ಆದರೂ ಮಹಾನಗರದವನು ನೆನಪಿಸಿಕೊಂಡು ಹೇಳುವ 20, 26 ಎಲ್ಲಿ, ಕಾರ್ಖಾನೆಯ ಲೆಕ್ಕದ 56 ಎಲ್ಲಿ! ಈ ಅಂತರದ ದೊಡ್ಡ ಪಾಲು ಮರೆತ ಸಕ್ಕರೆ, ಕಾಣದೆ ತಿಂದ ಸಕ್ಕರೆ ಎಂದೇ ನಾನು ಓದುತ್ತೇನೆ. ದೇಶದ ಸಕ್ಕರೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯ ಅಡಿಗೆಮನೆಗೆ ಬರುವುದೇ ಇಲ್ಲ ಎಂಬುದು ಸಕ್ಕರೆ ವ್ಯಾಪಾರದವರಿಗೆ ಹಳೆಯ ಸಂಗತಿ. ಅದು ನೇರ ಬಿಸ್ಕತ್ತು, ಪಾನೀಯ, ಐಸ್‌ಕ್ರೀಂ, ಮಿಠಾಯಿ ಮಾಡುವವರ ಗೋದಾಮಿಗೆ ಲಾರಿಗಟ್ಟಲೆ ಹೋಗುತ್ತದೆ.

ಕಬ್ಬಿನ ಸೀಮೆಯ ಓದುಗರಿಗೆ ಇದೇ ಲೆಕ್ಕವನ್ನು ಅವರ ಅಳತೆಯಲ್ಲಿ ಹೇಳಬಹುದು. ಒಂದು ಕಿಲೋ ಸಕ್ಕರೆಗೆ ಸುಮಾರು ಹತ್ತು ಕಿಲೋ ಕಬ್ಬು ಬೇಕು. ವರ್ಷಕ್ಕೆ 20 ಕಿಲೋದಂತೆ ಎಪ್ಪತ್ತು ವರ್ಷ ಬದುಕಿದವನು ತಿಂದದ್ದು 1,400 ಕಿಲೋ ಸಕ್ಕರೆ, 28 ಮೂಟೆ. ಅದಕ್ಕೆ ಅರೆದ ಕಬ್ಬು 14 ಟನ್. ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ಮಂಡ್ಯದ ರಸ್ತೆಗಳಲ್ಲಿ ಟ್ರಾಕ್ಟರಿನ ಹಿಂದೆ ಏದುಸಿರು ಬಿಡುತ್ತಾ ಹೋಗುವ ಕಬ್ಬಿನ ಹೊರೆಯನ್ನು ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅಂಥದೊಂದು ಪೂರ್ತಿ ಹೊರೆ ಒಬ್ಬನೇ ಮನುಷ್ಯನ ಮೈಯೊಳಗೆ ಹಾದುಹೋಗುತ್ತದೆ. ಒಂದು ಗಳಿಗೆಗೆ ಒಂದು ಚಮಚವನ್ನಷ್ಟೇ ಹೊರಬಲ್ಲ ರಕ್ತದ ಮೂಲಕ.

ಹಾದುಹೋದದ್ದರ ಗುರುತು ಉಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ, 1,13,043 ಜನರನ್ನು ಪರೀಕ್ಷಿಸಿದ ಅಧ್ಯಯನ 2023ರ ಜೂನ್‌ನಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳು. 2011ರ ಇಡೀ ಕರ್ನಾಟಕದ ಜನಸಂಖ್ಯೆ 6.1 ಕೋಟಿ ಇತ್ತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿ. ಇನ್ನೂ 13.6 ಕೋಟಿ ಜನ ಕಾಯಿಲೆಯ ಹೊಸ್ತಿಲಲ್ಲಿದ್ದಾರೆ, ಅದು ಹನ್ನೊಂದು ಮುಂಬಯಿ. ಮುಂಬಯಿ ಮಹಾನಗರಪಾಲಿಕೆ 2021ರಲ್ಲಿ ತನ್ನದೇ ಜನರ ಸಮೀಕ್ಷೆ ಮಾಡಿದಾಗ ಹೆಚ್ಚುಕಡಿಮೆ ಐವರಲ್ಲಿ ಒಬ್ಬರ ಖಾಲಿಹೊಟ್ಟೆಯ ಸಕ್ಕರೆ 126ರ ಗೆರೆ ದಾಟಿತ್ತು. ಸಂಜೆಯ ಲೋಕಲಿನಲ್ಲಿ ಮೂವರಿಗೆ ಮಾಡಿದ ಸೀಟಿನಲ್ಲಿ ನಾಲ್ಕನೆಯವರೂ ಒತ್ತಿಕೊಂಡು ಕೂತು, ಐದನೆಯವರು ಎದುರಿಗೆ ನಿಂತಿರುತ್ತಾರಲ್ಲ, ಆ ಐವರಲ್ಲಿ ಒಬ್ಬರು.

ಇದಕ್ಕೆಲ್ಲ ಸಕ್ಕರೆಯೊಂದೇ ಹೊಣೆ ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಪಾಲಿಶ್ ಮಾಡಿದ ಅಕ್ಕಿ, ಮೈದಾ, ಕೂತೇ ಮಾಡುವ ಕೆಲಸ, ಹೊಟ್ಟೆಯ ಬೊಜ್ಜು, ಅಪ್ಪ ಅಮ್ಮನಿಂದ ಬಂದ ವಂಶವಾಹಿ, ಎಲ್ಲಕ್ಕೂ ಪಾಲಿದೆ. ನಮ್ಮ ಊಟದ ಶಕ್ತಿಯಲ್ಲಿ ನೂರಕ್ಕೆ 62 ಭಾಗ ಪಿಷ್ಟ ಮತ್ತು ಸಕ್ಕರೆಯಿಂದಲೇ ಬರುತ್ತದೆಂದು ಅದೇ ಅಧ್ಯಯನದ ಮುಂದಿನ ವರದಿ 2025ರಲ್ಲಿ ಹೇಳಿತು. ಆದರೆ ಈ ಎಲ್ಲದರ ನಡುವೆ, ಬಿಟ್ಟರೆ ದೇಹಕ್ಕೆ ಏನೂ ನಷ್ಟವಾಗದ ವಸ್ತು ಒಂದೇ. ಅನ್ನ ಬಿಡಿ ಎಂದು ನಾನು ಯಾರಿಗೂ ಹೇಳಲಾರೆ. ಕೆಚಪ್ಪಿನೊಳಗಿನ ಸಕ್ಕರೆಯನ್ನು ಬಿಡಿ ಎನ್ನಬಲ್ಲೆ. ಹಲ್ಲಿನ ಮಾತಂತೂ ಇನ್ನೂ ನೇರ. ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲ ಮಾಡುತ್ತವೆ, ಆಮ್ಲ ಹಲ್ಲಿನ ಕವಚವನ್ನು ಕರಗಿಸುತ್ತದೆ, ಹಲ್ಲಿಗೆ ಅಂಟಿ ಕೂರುವ ಬಿಸ್ಕತ್ತು ಆ ಕೆಲಸಕ್ಕೆ ಹೆಚ್ಚು ಹೊತ್ತು ಕೊಡುತ್ತದೆ.

ಒಂದು ವಿಡಿಯೋದ ಕಥೆ ಇಲ್ಲಿ ಹೇಳಲೇಬೇಕು. 2023ರ ಏಪ್ರಿಲ್‌ನಲ್ಲಿ ರೇವಂತ್ ಹಿಮತ್ಸಿಂಗ್ಕಾ ಎಂಬ ಯುವಕ ಬೋರ್ನ್‌ವಿಟಾದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಹೇಳುವ ಸಣ್ಣ ವಿಡಿಯೋ ಮಾಡಿದರು. ಕಂಪನಿಯಿಂದ ವಕೀಲರ ನೋಟಿಸು ಬಂತು. ಅವರು ಕ್ಷಮೆ ಕೇಳಿ ವಿಡಿಯೋ ತೆಗೆದರು. ಅಷ್ಟರಲ್ಲಿ ಅದು ಲಕ್ಷಗಟ್ಟಲೆ ಮೊಬೈಲುಗಳಿಗೆ ಹರಡಿತ್ತು, ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗವೂ ಕಂಪನಿಗೆ ಪತ್ರ ಬರೆಯಿತು. ವರ್ಷದ ಕೊನೆಗೆ ಕಂಪನಿ ನೂರು ಗ್ರಾಂ ಪುಡಿಯಲ್ಲಿ ಸೇರಿಸುವ ಸಕ್ಕರೆಯನ್ನು 37.4 ಗ್ರಾಂನಿಂದ 32.2ಕ್ಕೆ ಇಳಿಸಿತು. 2024ರ ಏಪ್ರಿಲ್‌ನಲ್ಲಿ ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಹೆಸರಿನಡಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಿತು. ಹಾರ್ಲಿಕ್ಸ್ ಕೂಡ ‘ಹೆಲ್ತ್’ ಎಂಬ ಹಣೆಪಟ್ಟಿ ಕೈಬಿಟ್ಟಿತು. ಹಾಗೆಂದು ಸಮಾಧಾನಪಡುವಂತಿಲ್ಲ. 32.2 ಅಂದರೆ ಈಗಲೂ ಡಬ್ಬಿಯ ಮೂರನೇ ಒಂದು ಭಾಗದ ಹತ್ತಿರ. ದಿನಕ್ಕೆರಡು ಲೋಟಕ್ಕೆ 20 ಗ್ರಾಂನಂತೆ ಹಾಕಿದರೆ ವರ್ಷಕ್ಕೆ 4.7 ಕಿಲೋ ಸಕ್ಕರೆ ಒಂದು ಮಗುವಿಗೆ, ಎತ್ತರ ಬೆಳೆಯಲಿ, ಬುದ್ಧಿ ಚುರುಕಾಗಲಿ ಎಂಬ ಹಂಬಲದಲ್ಲಿ.

ಇನ್ನೂ ಚಿಕ್ಕ ಮಕ್ಕಳ ಸಂಗತಿ ಇದಕ್ಕಿಂತ ನೋವಿನದು. 2024ರ ಏಪ್ರಿಲ್‌ನಲ್ಲೇ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ನೆಸ್ಲೆ ಕಂಪನಿಯ ಸೆರೆಲ್ಯಾಕ್ ಶಿಶು ಆಹಾರದ ಡಬ್ಬಿಗಳನ್ನು ದೇಶದೇಶಗಳಿಂದ ತರಿಸಿ ಪರೀಕ್ಷೆ ಮಾಡಿಸಿದ ವರದಿಯನ್ನು ಹೊರತಂದಿತು. ಭಾರತದ ಡಬ್ಬಿಯಲ್ಲಿ ಒಂದು ಸಲದ ಉಣಿಸಿಗೆ ಸರಾಸರಿ ಮೂರು ಗ್ರಾಂ ಹತ್ತಿರ ಸೇರಿಸಿದ ಸಕ್ಕರೆ ಇತ್ತು. ಜರ್ಮನಿ, ಬ್ರಿಟನ್ನಿನಲ್ಲಿ ಅದೇ ಕಂಪನಿ ಮಾರುವುದರಲ್ಲಿ ಇರಲಿಲ್ಲ. ಆರು ತಿಂಗಳಿನಿಂದ ಮೊದಲ ಹುಟ್ಟುಹಬ್ಬದವರೆಗೆ ದಿನಕ್ಕೆ ಎರಡು ಸಲ ಉಣಿಸಿದರೆ ಒಂದು ಕಿಲೋ ಸಕ್ಕರೆ. ಆ ಮಗುವಿನ ತೂಕವೇ ಆಗ ಒಂಬತ್ತು ಹತ್ತು ಕಿಲೋ. ಎರಡು ವರ್ಷದೊಳಗಿನ ಮಗುವಿಗೆ ಸೇರಿಸಿದ ಸಕ್ಕರೆ ಸ್ವಲ್ಪವೂ ಬೇಡ ಎಂಬುದು ವೈದ್ಯರ ಒಮ್ಮತದ ಮಾತು. ತಾನು ಭಾರತದ ನಿಯಮಗಳನ್ನು ಪಾಲಿಸಿದ್ದೇನೆ, ಐದು ವರ್ಷಗಳಲ್ಲಿ ಸಕ್ಕರೆಯನ್ನು ನೂರಕ್ಕೆ 30ರವರೆಗೆ ಇಳಿಸಿದ್ದೇನೆ ಎಂದು ಕಂಪನಿ ಉತ್ತರಿಸಿತು. ಅದೇ ವರ್ಷ ಸಕ್ಕರೆ ಹಾಕದ ಡಬ್ಬಿಗಳನ್ನೂ ಪ್ರಕಟಿಸಿತು. ನಿಯಮಕ್ಕೆ ಒಪ್ಪಿತು ಎಂದರೆ ಆ ನಿಯಮ ಬರೆದವರನ್ನೂ ನಾವು ಪ್ರಶ್ನಿಸಬೇಕು.

ಮೊದಲ ಎರಡು ವರ್ಷದ ಸಕ್ಕರೆ ಏಕೆ ಮುಖ್ಯ ಎಂಬುದಕ್ಕೆ ಚರಿತ್ರೆಯೇ ಒಂದು ಪ್ರಯೋಗ ಮಾಡಿಟ್ಟಿದೆ. ಎರಡನೇ ಮಹಾಯುದ್ಧದ ಕಾಲದಿಂದ ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಇತ್ತು, ತಲೆಗೆ ದಿನಕ್ಕೆ ಸುಮಾರು 40 ಗ್ರಾಂ. 1953ರ ಸೆಪ್ಟೆಂಬರ್‌ನಲ್ಲಿ ರೇಷನ್ ತೆಗೆದರು, ಬಳಕೆ ಕೂಡಲೇ 80 ಗ್ರಾಂಗೆ ಜಿಗಿಯಿತು. ಅದರ ಸ್ವಲ್ಪ ಹಿಂದೆ ಮತ್ತು ಸ್ವಲ್ಪ ಮುಂದೆ ಹುಟ್ಟಿದವರನ್ನು ಅವರ ಇಳಿವಯಸ್ಸಿನಲ್ಲಿ ಹೋಲಿಸಿ ನೋಡಿದ ಅಧ್ಯಯನ 2024ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಗರ್ಭದಲ್ಲೂ ಮೊದಲ ಎರಡು ವರ್ಷದಲ್ಲೂ ರೇಷನ್ನಿನ ಸಕ್ಕರೆಯಲ್ಲೇ ಬೆಳೆದವರಿಗೆ ಮಧುಮೇಹದ ಅಪಾಯ ನೂರಕ್ಕೆ 35ರಷ್ಟು, ರಕ್ತದೊತ್ತಡದ್ದು ನೂರಕ್ಕೆ 20ರಷ್ಟು ಕಡಿಮೆ. ಸಾವಿರ ದಿನದ ಊಟ ಐವತ್ತು ಅರವತ್ತು ವರ್ಷದ ಬಳಿಕವೂ ಮಾತನಾಡುತ್ತದೆ.

ಕಾಯಿಲೆಯ ಹೊತ್ತಿನಲ್ಲೂ ಸಕ್ಕರೆ ವೇಷ ಹಾಕಿ ಬಂದದ್ದುಂಟು. ಭೇದಿಯಾದ ಮಗುವಿಗೆ ಕೊಡುವ ಓಆರ್‌ಎಸ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಲೀಟರಿಗೆ 13.5 ಗ್ರಾಂ ಗ್ಲೂಕೋಸ್ ಇರಬೇಕು. ಅದೇ ಅಕ್ಷರಗಳನ್ನು ಹೆಸರಿನಲ್ಲಿಟ್ಟುಕೊಂಡು ಔಷಧಿ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದ ಬಣ್ಣದ ಪೊಟ್ಟಣಗಳಲ್ಲಿ ಅದರ ಹಲವು ಪಟ್ಟು ಸಕ್ಕರೆ ಇತ್ತು. ಅತಿಯಾದ ಸಕ್ಕರೆ ಕರುಳಿಗೆ ಇನ್ನಷ್ಟು ನೀರೆಳೆದು ಭೇದಿಯನ್ನು ಹೆಚ್ಚಿಸಬಲ್ಲದು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ಎಂಟು ವರ್ಷ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಸೂತ್ರಕ್ಕೆ ಹೊಂದದ ಯಾವ ಪಾನೀಯದ ಹೆಸರಿನಲ್ಲೂ ಓಆರ್‌ಎಸ್ ಎಂಬ ಅಕ್ಷರ ಇರಕೂಡದೆಂದು ಆದೇಶಿಸಿತು. ಮೂರು ಅಕ್ಷರ ಅಳಿಸಲು ಒಬ್ಬ ವೈದ್ಯೆಯ ಎಂಟು ವರ್ಷ.

ಸರ್ಕಾರದ ತೆರಿಗೆಯೂ ಈ ವಿಷಯದಲ್ಲಿ ಅರ್ಧ ಕಣ್ಣು ತೆರೆದಿದೆ. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ ಬೆರೆಸಿದ ಗ್ಯಾಸಿನ ಪಾನೀಯಗಳಿಗೆ ಜಿಎಸ್‌ಟಿ ನೂರಕ್ಕೆ 40. ಅದೇ ದಿನದಿಂದ ಬಿಸ್ಕತ್ತು, ಕೇಕು, ಚಾಕಲೇಟು, ಐಸ್‌ಕ್ರೀಂ ಮೇಲಿನ ತೆರಿಗೆ 18ರಿಂದ 5ಕ್ಕೆ ಇಳಿಯಿತು. ಬಾಟಲಿಯ ಸಕ್ಕರೆ ಪಾಪ, ಪೊಟ್ಟಣದ ಸಕ್ಕರೆ ಪುಣ್ಯ ಎಂಬಂತಾಯಿತು. ಬ್ರಿಟನ್ 2018ರಲ್ಲಿ ಮಾಡಿದ ಏರ್ಪಾಡು ನನಗೆ ಹೆಚ್ಚು ಸರಿ ಕಾಣುತ್ತದೆ. ಅಲ್ಲಿ ತಂಪು ಪಾನೀಯದ ತೆರಿಗೆ ಅದರೊಳಗಿನ ಸಕ್ಕರೆಯ ಗ್ರಾಮಿಗೆ ತಕ್ಕಂತೆ. 100 ಮಿಲಿಗೆ ಐದು ಗ್ರಾಂನ ಒಳಗಿದ್ದರೆ ಇಲ್ಲ, ಎಂಟು ದಾಟಿದರೆ ಹೆಚ್ಚು. ತೆರಿಗೆ ಜಾರಿಗೆ ಬರುವ ಮೊದಲೇ ಅನೇಕ ಕಂಪನಿಗಳು ಸಕ್ಕರೆ ಕಡಿಮೆ ಮಾಡಿದವು. ಚಿಲಿ ದೇಶ 2016ರಿಂದ ಪ್ಯಾಕೆಟ್ಟಿನ ಮುಖದ ಮೇಲೆಯೇ ಕಪ್ಪು ಅಷ್ಟಕೋನದಲ್ಲಿ ‘ಸಕ್ಕರೆ ಹೆಚ್ಚು’ ಎಂದು ಬರೆಸುತ್ತಿದೆ. ನಮ್ಮಲ್ಲಿ 2022ರಲ್ಲಿ ನಕ್ಷತ್ರ ಕೊಡುವ ಕರಡು ಬಂತು. ಕಪ್ಪು ಗುರುತಿನಷ್ಟು ನೇರವಾಗಿ ನಕ್ಷತ್ರ ಎಚ್ಚರಿಸಲಾರದು, ಎಷ್ಟಾದರೂ ಅದು ಶಭಾಸ್‌ಗಿರಿಯ ಚಿಹ್ನೆ.

ಅಂಥ ನೇರ ಗುರುತು ಬರುವವರೆಗೆ ನಮ್ಮ ಕೈಯಲ್ಲಿರುವುದು ಪ್ಯಾಕೆಟ್ಟಿನ ಬೆನ್ನು. ಕಾನೂನಿನಂತೆ ಅಲ್ಲಿ ‘ಟೋಟಲ್ ಶುಗರ್ಸ್’, ‘ಆಡೆಡ್ ಶುಗರ್ಸ್’ ಎಂಬ ಎರಡು ಸಾಲು ಇರಲೇಬೇಕು. ಎರಡನೆಯದನ್ನು ಹುಡುಕಿ, ನಾಲ್ಕರಿಂದ ಭಾಗಿಸಿ, ನೂರು ಗ್ರಾಂಗೆ ಎಷ್ಟು ಚಮಚ ಎಂದು ತಿಳಿಯುತ್ತದೆ. ಪದಾರ್ಥಗಳ ಪಟ್ಟಿಯನ್ನು ಹೆಚ್ಚಿನದು ಮೊದಲು, ಕಡಿಮೆಯದು ಕೊನೆಗೆ ಎಂಬ ಕ್ರಮದಲ್ಲಿ ಬರೆಯಬೇಕು. ಆದ್ದರಿಂದ ಒಂದೇ ಸಕ್ಕರೆಯನ್ನು ಇನ್ವರ್ಟ್ ಸಿರಪ್, ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಹಣ್ಣಿನ ರಸದ ಕಾನ್ಸಂಟ್ರೇಟ್ ಎಂದು ಹಂಚಿಬಿಟ್ಟರೆ ಪ್ರತಿಯೊಂದೂ ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಎಂಬುದು ಸಿಹಿಯೂ ಇಲ್ಲದೆ, ಸಕ್ಕರೆಯ ಸಾಲಿಗೂ ಬಾರದೆ, ರಕ್ತದ ಗ್ಲೂಕೋಸನ್ನು ಬೇಗ ಏರಿಸುತ್ತದೆ. ‘ಬೆಲ್ಲದಿಂದ ಮಾಡಿದ್ದು’, ‘ಜೇನು ಬೆರೆಸಿದ್ದು’ ಎಂದು ಮುಂದೆ ದೊಡ್ಡದಾಗಿ ಬರೆದಿದ್ದರೆ ಮರುಳಾಗಬೇಡಿ. ಬೆಲ್ಲದಲ್ಲಿ ನೂರಕ್ಕೆ 80ಕ್ಕೂ ಮೇಲೆ ಸಕ್ಕರೆಯೇ, ಜೇನಿನಲ್ಲಿಯೂ ಅಷ್ಟೇ. ಬೆಲ್ಲದ ಮೇಲೆ ನಮಗಿರುವ ಪ್ರೀತಿ ರಕ್ತಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ತೊಡಕಿದೆ. ಈ ವಿವರಗಳನ್ನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕೊಟ್ಟರೆ ಕಾನೂನಿಗೆ ಸಾಕು. ಊರಿನಿಂದ ಬಂದು ವಿಕ್ರೋಳಿಯ ಮಗನ ಮನೆಯಲ್ಲಿರುವ, ಕನ್ನಡ ಮಾತ್ರ ಓದಬಲ್ಲ ಅಜ್ಜಿಗೆ ಆ ಪುಟ್ಟ ಅಕ್ಷರಗಳು ಇದ್ದೂ ಇಲ್ಲದಂತೆ. ಮೊಮ್ಮಕ್ಕಳಿಗೆ ಸಂಜೆಯ ತಿಂಡಿ ಕೊಡುವವರು ಹೆಚ್ಚಾಗಿ ಅವರೇ.

ಆದ್ದರಿಂದ ವಿಕ್ರೋಳಿ ಕನ್ನಡ ಸಂಘಕ್ಕೆ, ಮುಂಬಯಿಯ ಎಲ್ಲ ಕನ್ನಡ ಸಂಘಗಳಿಗೆ, ಸಮಾಜಗಳಿಗೆ ನನ್ನದೊಂದು ಕೋರಿಕೆ. ಶಾಲೆಗಳಲ್ಲಿ ಹಾಕುತ್ತಿರುವ ಸಕ್ಕರೆ ಫಲಕವನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ನಿಮ್ಮ ಸಭಾಗೃಹದ ಗೋಡೆಗೆ ಹಾಕಿ. ಮಾರಿ ಬಿಸ್ಕತ್ತು, ಕೆಚಪ್, ಮಾವಿನ ಪೊಟ್ಟಣ, ಹಾಲಿಗೆ ಹಾಕುವ ಪುಡಿ, ಒಂದೊಂದರ ಮುಂದೆ ಎಷ್ಟು ಚಮಚ ಎಂಬ ಅಂಕಿ. ಯಕ್ಷಗಾನಕ್ಕೋ ರಾಜ್ಯೋತ್ಸವಕ್ಕೋ ಬಂದವರಿಗೆ ಕೊಡುವ ತಟ್ಟೆಯಲ್ಲಿ ಬಿಸ್ಕತ್ತಿನ ಜಾಗಕ್ಕೆ ಹುರಿಗಡಲೆ, ಶೇಂಗಾ, ಕೋಸಂಬರಿ ಬರಲಿ. ಪೊಟ್ಟಣದ ರಸದ ಬದಲು ಮಜ್ಜಿಗೆ ಸಾಕು. ಓದಬಲ್ಲ ಮೊಮ್ಮಕ್ಕಳು ಮನೆಗೆ ಬರುವ ಪ್ರತಿ ಪ್ಯಾಕೆಟ್ಟಿನ ಹಿಂಭಾಗವನ್ನು ಅಜ್ಜ ಅಜ್ಜಿಗೆ ಕನ್ನಡದಲ್ಲಿ ಗಟ್ಟಿಯಾಗಿ ಓದಿ ಹೇಳಲಿ, ಗ್ರಾಮಿನಲ್ಲಿ ಬೇಡ, ಚಮಚದಲ್ಲಿ.